38 ಸಾವಿರ ಪ್ಲೇಟ್‌ಲೆಟ್ ಮತ್ತು ದುರ್ಗಿಗುಡಿಯ ಒಂದು ಲ್ಯಾಬ್

ನಾನು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಅಂಕಿಗಳ ಜೊತೆಗೇ ಬದುಕು. ಅಂಥವನನ್ನೂ ಕಳೆದ ಜುಲೈನಲ್ಲಿ ಒಂದು ಅಂಕಿ ರಾತ್ರಿಯಿಡೀ ಕೂರಿಸಿತು. ಅದರ ಕತೆ ಹೇಳದೆ ಈ ಲ್ಯಾಬ್ ಯಾಕೆ ಇಷ್ಟವಾಯಿತು ಅಂತ ಹೇಳೋಕೆ ಆಗುವುದಿಲ್ಲ.

ಲ್ಯಾಬಿನ ಹೆಸರು ಹಾಕುತ್ತಿಲ್ಲ. ಬರೆಯಲಾ ಅಂತ ಅಲ್ಲಿನ ಮೇಡಂ ಹತ್ತಿರ ಕೇಳಿದ್ದೆ. "ಹೆಸರು ಬೇಡ ಮಾರಾಯ್ರೇ, ಈಗ ಬರುವವರಿಗೇ ಕುರ್ಚಿ ಸಾಲಲ್ಲ" ಅಂದರು. ದುರ್ಗಿಗುಡಿಯಲ್ಲಿ, ಮೆಡಿಕಲ್ ಸ್ಟೋರ್ ಪಕ್ಕದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿ. ದುರ್ಗಿಗುಡಿಯಲ್ಲಿ ಮೆಡಿಕಲ್ ಸ್ಟೋರ್ ಪಕ್ಕ ಅನ್ನೋದು ಗುರುತೇ ಅಲ್ಲ, ಗೊತ್ತು.

ಹೆಂಡತಿಗೆ ಎರಡು ಮೂರು ತಿಂಗಳಿಂದ ಸುಸ್ತು. ಮಹಡಿ ಹತ್ತಿದರೆ ಎದೆ ಡವಡವ. ಕೂದಲು ಉದುರುತ್ತೆ ಅಂತ ಬೇರೆ ಗೊಣಗಾಟ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ ನಾಳೆ, ನಾಡಿದ್ದು. ಅಷ್ಟರಲ್ಲಿ ಮಗಳು ಮೊಬೈಲಿನಲ್ಲಿ ಒಂದು ಆಫರ್ ಹುಡುಕಿದಳು. ಫುಲ್ ಬಾಡಿ ಚೆಕಪ್, 72 ಟೆಸ್ಟ್, 1,299 ರೂಪಾಯಿ, ಮನೆಗೇ ಬಂದು ರಕ್ತ ತೆಗೆದುಕೊಳ್ಳುತ್ತಾರೆ. 72 ಟೆಸ್ಟ್ ಅಂದರೆ ಏನೋ ದೊಡ್ಡದು ಅಂತ ನಾನೂ ಹೂಂ ಅಂದೆ. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಟೆಸ್ಟುಗಳು ಬರೀ ಸಿಬಿಸಿಯ, ಅಂದರೆ ರಕ್ತಕಣ ಎಣಿಸುವ ಒಂದೇ ಟೆಸ್ಟಿನ ಒಳಗಿನ ಸಾಲುಗಳು ಅಂತ ಆಮೇಲೆ ಗೊತ್ತಾಯಿತು. ಒಂದೇ ಸಲ ಮೆಷಿನ್‌ಗೆ ಕೊಟ್ಟರೆ ಒಟ್ಟಿಗೆ ಬರುವ ಅಂಕಿಗಳವು. ನಮ್ಮ ಮಂಡಿಯಲ್ಲಿ ಒಂದು ಚೀಲ ತೂಗಿ ಇಪ್ಪತ್ತು ಸಲ ಹಮಾಲಿ ಬರೆದರೆ ರೈತರು ಸುಮ್ನೆ ಬಿಡುತ್ತಾರಾ?

ಬೆಳಗ್ಗೆ 6.40ಕ್ಕೆ ಹುಡುಗ ಬಂದ. ಒಳ್ಳೆಯ ಹುಡುಗ, ಒಂದೇ ಸಲಕ್ಕೆ ನರ ಸಿಕ್ಕಿತು, ನೋವಾಗಲಿಲ್ಲ ಅಂತ ಹೆಂಡತಿಯೇ ಹೇಳಿದಳು. ನೇರಳೆ ಮುಚ್ಚಳದ ಒಂದು ಟ್ಯೂಬ್, ಹಳದಿ ಮುಚ್ಚಳದ್ದು ಒಂದು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದ. ರಾತ್ರಿ 9.20ಕ್ಕೆ ರಿಪೋರ್ಟ್ ಬಂತು. 19 ಪುಟ. ಮೊದಲ ಪುಟದಲ್ಲಿ ಮನುಷ್ಯನ ದೇಹದ ಚಿತ್ರ, ಅಲ್ಲಲ್ಲಿ ಕೆಂಪು ಚುಕ್ಕಿ. ಎರಡನೇ ಪುಟದಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಸಣ್ಣ ಕಣಗಳು, ಅದರ ಎದುರು ಕೆಂಪು ಅಕ್ಷರದಲ್ಲಿ 38, ಅದರ ಪಕ್ಕ ಕೆಳಗೆ ತಿರುಗಿದ ಬಾಣ.

ಅತ್ತೆ ಮನೆಯಲ್ಲೇ ಇದ್ದರು. "ಬರೀ 38 ಉಳಿದಿದೆಯಂತಲ್ಲಪ್ಪಾ!" ಅಂತ ದೇವರ ಮುಂದೆ ದೀಪ ಹಚ್ಚಿದರು. ಅದು 38 ಅಲ್ಲ, 38 ಸಾವಿರ. ಕೆಲವು ಲ್ಯಾಬಿನವರು ಸಾವಿರದ ಲೆಕ್ಕದಲ್ಲಿ ಬರೆಯುತ್ತಾರೆ, ನಮ್ಮ ಊರಿನವರು ಲಕ್ಷದ ಲೆಕ್ಕದಲ್ಲಿ 0.38 ಅಂತ ಬರೆಯುತ್ತಾರೆ. ಎರಡೂ ಒಂದೇ. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಅಳತೆಯನ್ನು ಓದದೆ ಅಂಕಿ ಓದಬಾರದು. ಕ್ವಿಂಟಲ್ಲೋ ಕೆಜಿಯೋ ನೋಡದೆ ರೇಟು ಹೇಳಿದ ಹಾಗಾಗುತ್ತೆ. ಆದರೆ 38 ಸಾವಿರವೂ ಕಡಿಮೆಯೇ. ಇರಬೇಕಾದ್ದು ಒಂದೂವರೆಯಿಂದ ನಾಲ್ಕೂವರೆ ಲಕ್ಷ.

ಮಳೆಗಾಲ, ಊರ ತುಂಬ ಡೆಂಗಿ. ಇನ್ನೇನು ಬೇಕು? ಭಾವಮೈದ ಭದ್ರಾವತಿಯಿಂದ ಫೋನ್ ಮಾಡಿ ರಕ್ತ ಕೊಡುವವರನ್ನು ಹೊಂದಿಸುತ್ತೇನೆ ಅಂದ. ಪಕ್ಕದ ಮನೆಯವರು ಪಪ್ಪಾಯಿ ಎಲೆ ತಂದುಕೊಟ್ಟರು. ಅವಳೊಬ್ಬಳೇ ಅಡುಗೆಮನೆಯಲ್ಲಿ ದೋಸೆಗೆ ಹಿಟ್ಟು ರುಬ್ಬುತ್ತಾ, "ರೀ, ನನಗೆ ಜ್ವರವೇ ಇಲ್ವಲ್ಲ" ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಮನೆಯಲ್ಲಿ ಆವತ್ತು ಸರಿಯಾಗಿ ಯೋಚಿಸಿದ್ದು ಅವಳೊಬ್ಬಳೇ.

ರಿಪೋರ್ಟಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಬೇಕಿದ್ದರೆ ಉಚಿತವಾಗಿ ಇನ್ನೊಮ್ಮೆ ರಕ್ತ ತೆಗೆಯುತ್ತೇವೆ ಅಂದರು. ಅದೇ ನೇರಳೆ ಟ್ಯೂಬಿನಲ್ಲಿ. ಅದು ಯಾಕೆ ಪ್ರಯೋಜನವಿಲ್ಲ ಅಂತ ಆಗ ನನಗೂ ಗೊತ್ತಿರಲಿಲ್ಲ, ಫೋನಿನಲ್ಲಿದ್ದ ಹುಡುಗಿಗೂ ಗೊತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ಬೇರೆ ನಂಬರಿನಿಂದ ಡಯಟಿಷಿಯನ್ ಫೋನ್. ಮೂರು ತಿಂಗಳ ಊಟದ ಪ್ಲ್ಯಾನ್, ಇವತ್ತೇ ಸೇರಿದರೆ ರಿಯಾಯಿತಿಯಂತೆ.

ಬೆಳಗ್ಗೆ ನಮ್ಮ ಮಾಮೂಲಿ ಡಾಕ್ಟರ್ ಹತ್ತಿರ ಓಡಿದೆವು. ಅವರು ರಿಪೋರ್ಟ್ ಆಮೇಲೆ ನೋಡಿದರು. ಮೊದಲು ವಸಡು ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಕಾಲಿನ ಮೇಲೆ ಕೆಂಪು ಚುಕ್ಕಿ ಇದೆಯಾ ಅಂತ ಹುಡುಕಿದರು. "ಜ್ವರ ಇಲ್ಲ, ರಕ್ತ ಒಸರುತ್ತಿಲ್ಲ, ಹಳೇ ಪ್ಲೇಟ್‌ಲೆಟ್ ತೊಂದರೆಯೂ ಇಲ್ಲ. ಈ ಅಂಕಿ ನನಗೆ ನಂಬಿಕೆ ಬರ್ತಿಲ್ಲ. ಹೋಗಿ ಸ್ಲೈಡ್ ನೋಡಿಸಿ, ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ" ಅಂತ ಚೀಟಿ ಬರೆದುಕೊಟ್ಟರು. ಹಾಗೆ ದುರ್ಗಿಗುಡಿಯ ಆ ಮೆಟ್ಟಿಲು.

ಮೇಡಂ ಪೆಥಾಲಜಿಸ್ಟ್, ಅಂದರೆ ಲ್ಯಾಬ್ ಪರೀಕ್ಷೆಗಳ ಡಾಕ್ಟರ್. ಅರವತ್ತು ದಾಟಿರಬೇಕು. ಕನ್ನಡಕ ತಲೆಯ ಮೇಲೆ, ಕಣ್ಣು ಮೈಕ್ರೋಸ್ಕೋಪಿನಲ್ಲಿ. 19 ಪುಟ ಮುಂದಿಟ್ಟೆ. ಕೆಂಪು ಚುಕ್ಕಿಯ ಮನುಷ್ಯನನ್ನು ಅವರು ನೋಡಲೂ ಇಲ್ಲ. ಸೀದಾ ಸಮಯ ಹುಡುಕಿದರು. ರಕ್ತ ತೆಗೆದದ್ದು 6.40, ಮೆಷಿನ್‌ಗೆ ಹಾಕಿದ್ದು ಸಂಜೆ 4.10. "ಒಂಬತ್ತೂವರೆ ಗಂಟೆ ಟ್ಯೂಬಲ್ಲಿ ಕೂತಿದೆ. ಸಾಮಾನ್ಯವಾಗಿ ಅದರಿಂದ ತೊಂದರೆ ಇಲ್ಲ. ಕೆಲವರಿಗೆ ಮಾತ್ರ ಇದೆ. ನೋಡೋಣ, ಕೂತ್ಕೊಳಮ್ಮ."

ಎರಡು ಟ್ಯೂಬ್ ತೆಗೆದುಕೊಂಡರು. ಒಂದು ಅದೇ ನೇರಳೆ, ಇನ್ನೊಂದು ತಿಳಿನೀಲಿ ಮುಚ್ಚಳದ್ದು. ಟೆಕ್ನಿಷಿಯನ್ ಹುಡುಗಿ ಎರಡನ್ನೂ ಮೆಲ್ಲಗೆ ಮೇಲೆ ಕೆಳಗೆ ಎಂಟು ಹತ್ತು ಸಲ ತಿರುಗಿಸಿದಳು. ಕುಲುಕಬಾರದಂತೆ, ಹಾಗೇ ಬಿಡಲೂಬಾರದಂತೆ. ಸರಿಯಾಗಿ ಬೆರೆಯದಿದ್ದರೆ ಸಣ್ಣ ಹೆಪ್ಪು ಕಟ್ಟುತ್ತೆ, ಎಣಿಕೆ ತಪ್ಪುತ್ತೆ. ಖಾಲಿ ಹೊಟ್ಟೆಯಲ್ಲಿ ಬಂದಿದ್ದೇವೆ ಅಂದರೆ ಮೇಡಂ ಬೈದರು. ಸಿಬಿಸಿಗೆ ಉಪವಾಸ ಬೇಕಿಲ್ಲ, ಕೆಳಗೆ ಹೋಗಿ ಇಡ್ಲಿ ತಿಂದು ಬನ್ನಿ ಅಂತ.

ಇಡ್ಲಿ ತಿಂದು ಬರುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ನೇರಳೆ ಟ್ಯೂಬ್ ತಕ್ಷಣ ಹಾಕಿದಾಗ 1,42,000. ನೀಲಿ ಟ್ಯೂಬಿನಲ್ಲಿ 1,78,000. ನೇರಳೆಯದನ್ನು ಹಾಗೇ ಇಟ್ಟು ಎರಡು ಗಂಟೆ ಬಿಟ್ಟು ಮತ್ತೆ ಹಾಕಿದಾಗ 61,000. ಅದೇ ರಕ್ತ, ಅದೇ ಮೆಷಿನ್!

ನನಗೆ ತಲೆ ಕೆಟ್ಟಿತು. ನನ್ನ ಕೆಲಸ ಏನು ಅಂತ ಕೇಳಿದರು ಮೇಡಂ. ಅಡಿಕೆ ಮಂಡಿ ಅಂದೆ. "ಹಾಗಾದ್ರೆ ಸುಲಭ" ಅಂತ ಶುರು ಮಾಡಿದರು.

ಮೆಷಿನ್‌ನಲ್ಲಿ ಒಂದು ಸಣ್ಣ ತೂತು ಇರುತ್ತದೆ. ರಕ್ತವನ್ನು ತೆಳು ಮಾಡಿ ಅದರೊಳಗೆ ಹರಿಸುತ್ತಾರೆ. ಒಂದೊಂದು ಕಣ ದಾಟುವಾಗಲೂ ಕರೆಂಟಿಗೆ ಕ್ಷಣಮಾತ್ರ ಅಡ್ಡಿ. ಎಷ್ಟು ಸಲ ಅಡ್ಡಿಯಾಯಿತು ಅನ್ನುವುದು ಎಣಿಕೆ, ಎಷ್ಟು ಜೋರಾಗಿ ಅಡ್ಡಿಯಾಯಿತು ಅನ್ನುವುದು ಗಾತ್ರ. ಅಮೆರಿಕದ ವ್ಯಾಲೇಸ್ ಕೌಲ್ಟರ್ ಇದಕ್ಕೆ 1953ರಲ್ಲಿ ಪೇಟೆಂಟ್ ಪಡೆದ. ಈಗಿನ ಮೆಷಿನ್‌ಗಳಲ್ಲಿ ಲೇಸರ್ ಗೀಸರ್ ಎಲ್ಲ ಸೇರಿದೆ, ಆದರೆ ಮೂಲದ ಉಪಾಯ ಇಷ್ಟೇ. ಪ್ಲೇಟ್‌ಲೆಟ್ ತೀರ ಸಣ್ಣದು. ಸಣ್ಣದಾಗಿದ್ದರೆ ಪ್ಲೇಟ್‌ಲೆಟ್ ಅಂತ ಮೆಷಿನ್ ಎಣಿಸುತ್ತದೆ. ಇಪ್ಪತ್ತು ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಬಂದರೆ? ಅದು ಪ್ಲೇಟ್‌ಲೆಟ್ ಲೆಕ್ಕಕ್ಕೆ ಬರುವುದೇ ಇಲ್ಲ. ಎಷ್ಟೋ ಸಲ ಬಿಳಿ ರಕ್ತಕಣ ಅಂತಲೇ ಎಣಿಸಿಬಿಡುತ್ತದೆ. ನಮ್ಮ ರಿಪೋರ್ಟಿನಲ್ಲಿ ಬಿಳಿ ಕಣ 11,900 ಇತ್ತು, ಅದಕ್ಕೂ ಕೆಂಪು ಬಾಣ. ಇಲ್ಲಿ 7,200. ಬೆಲ್ಲದ ನೀರಲ್ಲಿ ಬಿದ್ದ ಅಡಿಕೆ ಹಾಗೆ ಅಂತ ನನಗೆ ಹೊಳೆಯಿತು. ಅಂಟಿಕೊಂಡ ಹತ್ತು ಅಡಿಕೆಯನ್ನು ಜರಡಿ ಒಂದು ದೊಡ್ಡ ಕಾಯಿ ಅಂತ ಮೇಲೆ ಉಳಿಸಿಕೊಳ್ಳುತ್ತೆ.

ಅಂಟಿಸುವುದು ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ಪುಡಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವುದು. ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಅದೇ ಇಡಿಟಿಎ ಇದ್ದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುತ್ತವೆ, ಹೊತ್ತು ಹೋದಷ್ಟೂ ಜಾಸ್ತಿ. ಮೈಯೊಳಗೆ ಏನೂ ಆಗುವುದಿಲ್ಲ, ಟ್ಯೂಬಿನಲ್ಲಿ ಮಾತ್ರ. ಅದು ಕಾಯಿಲೆಯೇ ಅಲ್ಲ. ನೀಲಿ ಟ್ಯೂಬಿನಲ್ಲಿ ಇಡಿಟಿಎ ಬದಲು ಸಿಟ್ರೇಟ್ ಇರುತ್ತೆ, ಅದು ದ್ರವ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಬೆರೆಯುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. 1,78,000 ಅನ್ನು ಗುಣಿಸಿದರೆ 1,95,800. ಮೇಡಂ ಕ್ಯಾಲ್ಕುಲೇಟರ್ ತೆಗೆಯುವ ಮೊದಲೇ ಹೇಳಿದೆ. ಅವತ್ತು ನಾನು ಮಾಡಿದ ಒಂದೇ ಉಪಯೋಗದ ಕೆಲಸ.

ಆಮೇಲೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಇದಕ್ಕಾಗಿಯೇ ಈ ಲ್ಯಾಬಿಗೆ ಐದು ಸ್ಟಾರ್ ಕೊಟ್ಟಿದ್ದು. ಗಾಜಿನ ಮೇಲೆ ರಕ್ತ ಸವರಿ, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ ತೊಳೆದ ಸ್ಲೈಡ್. ಅದರ ಮೇಲೆ ಒಂದು ಹನಿ ಎಣ್ಣೆ. ಇಣುಕಿದೆ. ತಿಳಿಗುಲಾಬಿ ಬಣ್ಣದ ದುಂಡು ದುಂಡು ಕಣಗಳು ಹಾಸಿದ ಹಾಗೆ. ಸ್ಲೈಡನ್ನು ಬಾಲದ ತುದಿಗೆ ಸರಿಸಿದರು. ಅಲ್ಲಿ ನೇರಳೆ ಪುಡಿಯ ಗುಂಪು ಗುಂಪು, ಸಾಸಿವೆ ಮುದ್ದೆ ಕಟ್ಟಿದಂತೆ. "ನಿಮ್ಮ 38 ಸಾವಿರ ಬಿಟ್ಟು ಉಳಿದವೆಲ್ಲ ಇಲ್ಲಿ ಕೂತಿವೆ ನೋಡಿ" ಅಂದರು. ಮುದ್ದೆ ಇಲ್ಲದ ಕಡೆ ಒಂದು ನೋಟಕ್ಕೆ ಹತ್ತು ಪ್ಲೇಟ್‌ಲೆಟ್ ಕಂಡರೆ ಸುಮಾರು ಒಂದೂವರೆ ಲಕ್ಷ ಅಂತ ಅಂದಾಜು ಹಾಕುತ್ತಾರಂತೆ. ನಮ್ಮ ಯಜಮಾನರು ರಾಶಿಯ ಸುತ್ತ ಒಂದು ಸುತ್ತು ಹಾಕಿ ಇಷ್ಟು ಕ್ವಿಂಟಲ್ ಅನ್ನುತ್ತಾರಲ್ಲ, ಹಾಗೆ.

ಮನೆಗೆ ಫೋನ್ ಮಾಡಿ ಅತ್ತೆಗೆ ವಿಷಯ ಹೇಳಿ, ಎದ್ದು ಹೊರಡೋಣ ಅಂತಿದ್ದೆ. ಮೇಡಂ ಬಿಡಲಿಲ್ಲ. "ಇಲ್ಲದ ಕಾಯಿಲೆಗೆ ರಾತ್ರಿ ನಿದ್ದೆ ಕೆಟ್ರಿ. ಇರೋದನ್ನ ಯಾರೂ ನೋಡೇ ಇಲ್ವಲ್ಲ."

ನಿಜ. ಹಿಮೋಗ್ಲೋಬಿನ್ 9.6 ಅಂತ ಅದೇ ಎರಡನೇ ಪುಟದಲ್ಲಿತ್ತು. ಗರ್ಭಿಣಿಯಲ್ಲದ ಹೆಂಗಸರಿಗೆ 12 ಇರಬೇಕು, ಗಂಡಸರಿಗೆ 13, ಗರ್ಭಿಣಿಯರಿಗೆ 11, ನಡುವಿನ ಮೂರು ತಿಂಗಳಲ್ಲಿ 10.5. ಅದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. 9.6ಕ್ಕೂ ಕೆಂಪು ಬಾಣ ಇತ್ತು, ಆದರೆ ಒಟ್ಟು ಹನ್ನೊಂದು ಕೆಂಪು ಬಾಣಗಳ ನಡುವೆ ಅದೂ ಒಂದು. ಮುಖ್ಯವಾದದ್ದಕ್ಕೂ, ಒಂದು ಪಾಯಿಂಟ್ ಆಚೀಚೆ ಆದದ್ದಕ್ಕೂ ಒಂದೇ ಬಣ್ಣ, ಒಂದೇ ಬಾಣ. ರಿಪೋರ್ಟಿನ ಹೆಚ್ಚಿನ ಗೆರೆಗಳನ್ನು ಹಾಕಿರುವುದೇ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ. ಅಂದರೆ ಏನೂ ಆಗದ ಐದು ಜನ ಹೇಗೂ ಹೊರಗೆ. 72 ಟೆಸ್ಟ್ ಮಾಡಿದರೆ ಗಟ್ಟಿಮುಟ್ಟಾದವನಿಗೂ ಮೂರು ನಾಲ್ಕು ಬಾಣ ಬಂದೇ ಬರುತ್ತೆ. ಡಯಟಿಷಿಯನ್ ಫೋನ್ ಮಾಡೋಕೆ ಅಷ್ಟು ಸಾಕು.

ಹಿಮೋಗ್ಲೋಬಿನ್ ಕಡಿಮೆ ಅನ್ನುವುದು ಅರ್ಧ ಮಾತು. ಯಾಕೆ ಕಡಿಮೆ ಅನ್ನುವ ಸುಳಿವು ಕೆಳಗಿನ ಸಾಲುಗಳಲ್ಲಿದೆ, ನಾವು ಯಾವಾಗಲೂ ಹಾರಿಸಿಬಿಡುವ ಎಂಸಿವಿ, ಆರ್‌ಡಿಡಬ್ಲ್ಯೂ. ಎಂಸಿವಿ ಅಂದರೆ ಒಂದು ಕೆಂಪು ಕಣದ ಸರಾಸರಿ ಗಾತ್ರ. 80ರಿಂದ 100ರೊಳಗೆ ಇರಬೇಕು. ಇವಳದು 71. ಸಣ್ಣ ಕಣ. ಕಬ್ಬಿಣ ಸಾಲದಿದ್ದಾಗ ಹೀಗಾಗುತ್ತೆ, ಥಲಸ್ಸೀಮಿಯಾ ಎಂಬ ವಂಶದಿಂದ ಬರುವ ರಕ್ತದ ತೊಂದರೆಯ ವಾಹಕರಲ್ಲೂ ಹೀಗಾಗುತ್ತೆ. ಬಿ12 ಸಾಲದಿದ್ದರೆ ಉಲ್ಟಾ, ಕಣ ದೊಡ್ಡದಾಗುತ್ತದೆ. ಕಬ್ಬಿಣವೂ ಇಲ್ಲ, ಬಿ12 ಕೂಡ ಇಲ್ಲ ಅಂದರೆ ಸಣ್ಣದು ದೊಡ್ಡದು ಸೇರಿ ಸರಾಸರಿ ಸರಿಯಾಗಿ ಕಂಡುಬಿಡುತ್ತೆ! ಆಗ ಹಿಡಿದುಕೊಡುವುದು ಆರ್‌ಡಿಡಬ್ಲ್ಯೂ. ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರು ಅನ್ನುವ ಅಳತೆ ಅದು. 14.5ರ ಒಳಗಿದ್ದರೆ ಒಂದೇ ಗಾತ್ರದ ಮಾಲು ಅಂತ. ಇವಳದು 18.4, ಮೇಲ್ದರ್ಜೆಯ ಸರಕು ಅಡಿಕೆ ಚೀಲಕ್ಕೆ ಕೆಳದರ್ಜೆಯ ಗೊರಬಲು ಸುರಿದ ಹಾಗೆ.

ಮೇಡಂ ಇನ್ನೊಂದು ಲೆಕ್ಕ ಕಲಿಸಿದರು. ಎಂಸಿವಿಯನ್ನು ಕೆಂಪು ಕಣದ ಎಣಿಕೆಯಿಂದ ಭಾಗಿಸಿ. 71 ಭಾಗಿಸು 4.1, ಸುಮಾರು 17. ಅದು 13ಕ್ಕಿಂತ ಜಾಸ್ತಿ ಇದ್ದರೆ ಕಬ್ಬಿಣದ ಕೊರತೆಯ ಕಡೆಗೆ ವಾಲುತ್ತದೆ, ಕಡಿಮೆ ಇದ್ದರೆ ಥಲಸ್ಸೀಮಿಯಾ ಕಡೆಗೆ. ತೀರ್ಪಲ್ಲ, ಬರೀ ದಿಕ್ಕು. ಸ್ಲೈಡಿನಲ್ಲೂ ನಡುವೆ ಬಿಳಿಚಿಕೊಂಡ ಸಣ್ಣ ಕಣಗಳು, ಕೆಲವು ಪೆನ್ಸಿಲ್ ಹಾಗೆ ಉದ್ದ. ಡಾಕ್ಟರ್ ಹೇಳಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಟೆಸ್ಟ್, ಮಾಡಿಸಿದಾಗ 7 ಬಂತು. ಗೋದಾಮು ಖಾಲಿ ಅಂತ ಅರ್ಥ. 72 ಟೆಸ್ಟಿನ ಪ್ಯಾಕೇಜಿನಲ್ಲಿ ಫೆರಿಟಿನ್ ಮಾತ್ರ ಇರಲಿಲ್ಲ.

ಕಾರಣ ಮುಟ್ಟಿನ ರಕ್ತಸ್ರಾವ. ವರ್ಷದಿಂದ ಜಾಸ್ತಿಯಾಗಿದೆ ಅಂತ ಡಾಕ್ಟರ್ ಕೇಳಿದ ಮೇಲೆ ಹೇಳಿದಳು, ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅದಕ್ಕೆ ಬೇರೆ ಚಿಕಿತ್ಸೆ ನಡೆಯಿತು. ಜೊತೆಗೆ ಕಬ್ಬಿಣದ ಮಾತ್ರೆ, ಅದರ ಹತ್ತಿರ ಕಾಫಿ ಟೀ ಸುಳಿಯಬಾರದು ಅಂತ ಕಟ್ಟಪ್ಪಣೆ. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ನುಂಗುತ್ತಾಳೆ. ಅಕ್ಟೋಬರಿನಲ್ಲಿ ಹಿಮೋಗ್ಲೋಬಿನ್ 12.3. ಅಲ್ಲಿಗೆ ನಿಲ್ಲಿಸಬೇಡಿ, ಗೋದಾಮು ತುಂಬಲಿ ಅಂತ ಇನ್ನೂ ಮೂರು ತಿಂಗಳು ಬರೆದುಕೊಟ್ಟಿದ್ದಾರೆ.

ಆ 19 ಪುಟವನ್ನು ಆಮೇಲೆ ಪೂರ್ತಿ ಓದಿದೆ. 17ನೇ ಪುಟದಲ್ಲಿ, ಇರುವೆ ಅಕ್ಷರದಲ್ಲಿ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಸ್ಮಿಯರ್ ಪರೀಕ್ಷೆ, ಅಂದರೆ ಇದೇ ಸ್ಲೈಡ್, ಮಾಡಿಸಿ ಅಂತ ಒಂದು ಸಾಲು ಇತ್ತು. ಅವರ ಪರವಾಗಿ ಇದನ್ನು ಹೇಳಬೇಕು. ಲ್ಯಾಬಿನ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಲ್ ಗುರುತೂ ಇತ್ತು, ಅದು ಈ ದುರ್ಗಿಗುಡಿ ಲ್ಯಾಬಿಗೆ ಇಲ್ಲ. ಇಲ್ಲಿ ಗೋಡೆಯ ಮೇಲೆ ಖಾಸಗಿ ಆಸ್ಪತ್ರೆ, ಲ್ಯಾಬುಗಳಿಗೆ ರಾಜ್ಯ ಸರ್ಕಾರ ಕೊಡುವ ಕೆಪಿಎಂಇ ನೋಂದಣಿ ಪತ್ರ, ಪಕ್ಕದಲ್ಲಿ ದರಪಟ್ಟಿ. ಎನ್‌ಎಬಿಎಲ್ ಇದ್ದರೆ ಒಳ್ಳೆಯದೇ. ಆದರೆ 38 ಬಂದಾಗ ಆ ಸ್ಲೈಡ್ ಅವರೇ ಒಮ್ಮೆ ನೋಡಿ, ಮೊದಲ ಪುಟದಲ್ಲಿ ಬರೆದಿದ್ದರೆ ನಮ್ಮತ್ತೆಯ ಎಣ್ಣೆ ಉಳಿಯುತ್ತಿತ್ತು.

ಮೇಡಂ ಹತ್ತಿರ ಇರುವುದು ಫೈವ್ ಪಾರ್ಟ್ ಮೆಷಿನ್, ಬಿಳಿ ಕಣಗಳನ್ನು ಐದು ಗುಂಪು ಮಾಡುವಂಥದ್ದು. ಟೆಸ್ಟ್ ಮಾಡಿಸುವ ಮೊದಲು ಇದನ್ನು ಕೇಳುವುದು ಒಳ್ಳೆಯದು. ತ್ರೀ ಪಾರ್ಟ್ ಆದರೆ ಬಿಳಿ ಕಣಗಳನ್ನು ಮೂರೇ ಗುಂಪು ಮಾಡುತ್ತದೆ, ಅಲರ್ಜಿ, ಜಂತುಹುಳ ಇದ್ದರೆ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ಕಣ ಬೇರೆಯಾಗಿ ಕಾಣುವುದಿಲ್ಲ. ಇದು ನನ್ನ ಸ್ವಂತ ಗರಜು. ಅಡಿಕೆ ದೂಳಿಗೆ ವರ್ಷವಿಡೀ ಸೀನುವವನು ನಾನು. ಹೋದ ತಪ್ಪಿಗೆ ನಾನೂ ಮಾಡಿಸಿದೆ. ಇಯೊಸಿನೊಫಿಲ್ 9 ಪರ್ಸೆಂಟ್. ಪರ್ಸೆಂಟ್ ನೋಡಬೇಡಿ, ಎಣಿಕೆ ನೋಡಿ ಅಂದರು. ಬಿಳಿ ಕಣ 7,000, ಅದರಲ್ಲಿ 9 ಪರ್ಸೆಂಟ್ ಅಂದರೆ 630. 500ರ ಒಳಗಿದ್ದರೆ ಸರಿ. ಬಿಳಿ ಕಣ 4,500 ಇದ್ದು ಅದೇ 9 ಪರ್ಸೆಂಟ್ ಆಗಿದ್ದರೆ 405, ತಲೆಬಿಸಿ ಇರಲಿಲ್ಲ. ನನಗೆ ಜಂತುಹುಳದ ಮಾತ್ರೆ ಸಿಕ್ಕಿತು, ಮಾಸ್ಕ್ ಹಾಕಿಕೊಳ್ಳಿ ಅನ್ನುವ ಬೈಗುಳವೂ ಸಿಕ್ಕಿತು.

ನಿಜವಾಗಿ ಡೆಂಗಿ ಬಂದವರಿಗೂ ಒಂದು ಮಾತು ಹೇಳಿದರು. ಎಲ್ಲರೂ ಪ್ಲೇಟ್‌ಲೆಟ್ ಒಂದನ್ನೇ ಕಾಯುತ್ತಾ ಕೂರುತ್ತಾರೆ, ಪಿಸಿವಿ ನೋಡುವುದೇ ಇಲ್ಲ. ರಕ್ತದಲ್ಲಿ ಕೆಂಪು ಕಣದ ಪಾಲು ಎಷ್ಟು ಅನ್ನುವುದು ಪಿಸಿವಿ, ಸಾಮಾನ್ಯವಾಗಿ ಹಿಮೋಗ್ಲೋಬಿನ್ನಿನ ಮೂರು ಪಟ್ಟು. ಡೆಂಗಿಯಲ್ಲಿ ರಕ್ತನಾಳದಿಂದ ನೀರಿನಂಶ ಹೊರಗೆ ಸೋರಿದರೆ ಇದು ಏರುತ್ತದೆ. ಇದ್ದದ್ದಕ್ಕಿಂತ ಐದನೇ ಒಂದು ಭಾಗ ಏರಿದರೆ ಅಪಾಯದ ಗುರುತು. ಅದೂ ಜ್ವರ ಇಳಿದು ಇನ್ನೇನು ಗುಣವಾಯಿತು ಅಂದುಕೊಳ್ಳುವ ಹೊತ್ತಿನಲ್ಲೇ. ಅಂದಹಾಗೆ ದರಪಟ್ಟಿಯಲ್ಲಿ ಡೆಂಗಿ ಪತ್ತೆಮಾಡುವ ಎನ್‌ಎಸ್1 ಎಲೈಸಾ ಟೆಸ್ಟಿಗೆ 300 ರೂಪಾಯಿ ಅಂತಿದೆ. 2024ರಲ್ಲಿ ರಾಜ್ಯ ಸರ್ಕಾರ ಕಟ್ಟಿದ ಮಿತಿ ಅದೇ. ನಿಮ್ಮೂರಲ್ಲಿ ಜಾಸ್ತಿ ಕೇಳಿದರೆ ಪ್ರಶ್ನೆ ಮಾಡಿ.

ಈಗ ತಕರಾರುಗಳು. ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ಸುಸ್ತಿಗೆ ಟೆಸ್ಟ್ ಮಾಡಿಸಲು ಬರುವವರು ಹತ್ತುವಷ್ಟರಲ್ಲಿ ರೋಗ ತಾನಾಗಿ ತಿಳಿದುಬಿಡುತ್ತೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ನಾನು ಗೋಪಿ ಸರ್ಕಲ್ ಹತ್ತಿರ ನಿಲ್ಲಿಸಿ ನಡೆದೆ. ಪ್ಲಾಸ್ಟಿಕ್ ಕುರ್ಚಿ ಆರೇ ಆರು. ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿದರೆ ತೆಗೆಯುವುದು ನಾಲ್ಕಕ್ಕೆ. ರಿಪೋರ್ಟ್ ಒಂದೇ ಹಾಳೆ, ಬಣ್ಣವಿಲ್ಲ, ವಾಟ್ಸಾಪಿಗೆ ಕಳಿಸಿ ಅಂದರೆ ಮರೆಯುತ್ತಾರೆ. ಮೇಡಂ ಇಲ್ಲದ ದಿನ ಹೋದರೆ ಬರೀ ಅಂಕಿ ಸಿಗುತ್ತದೆ, ಹೇಳುವವರಿರುವುದಿಲ್ಲ. ಕೇಳಿಕೊಂಡೇ ಹೋಗಿ.

ದರ ಸಿಬಿಸಿಗೆ 300, ಸ್ಲೈಡಿಗೆ 150. ನೀಲಿ ಟ್ಯೂಬಿಗೆ, ಎರಡು ಗಂಟೆ ಬಿಟ್ಟು ಮತ್ತೆ ಹಾಕಿದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. "ಅದು ನನ್ನ ಕುತೂಹಲಕ್ಕೆ" ಅಂದರು. ರಿಪೋರ್ಟಿನ ಕೆಳಗೆ ಕೈಯಲ್ಲೇ ಒಂದು ಸಾಲು ಬರೆದರು. ಇವರಿಗೆ ಇಡಿಟಿಎಯಲ್ಲಿ ಪ್ಲೇಟ್‌ಲೆಟ್ ಅಂಟುತ್ತದೆ, ಸಿಟ್ರೇಟ್ ಟ್ಯೂಬ್ ಬಳಸಿ, ಸ್ಲೈಡ್ ನೋಡಿ. ನಾಳೆ ಯಾವುದೋ ಆಪರೇಷನ್ನಿಗೆ ಹೋದಾಗ ಯಾರೋ ಗಾಬರಿಯಾಗಿ ಮುಂದೂಡಬಾರದಲ್ಲ. ಆ ಹಾಳೆಯ ಆ ಭಾಗವನ್ನು ಜೆರಾಕ್ಸ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ ಹೆಂಡತಿಯ ಪರ್ಸಿನಲ್ಲಿ ಇಟ್ಟಿದ್ದೇನೆ. ಆಧಾರ್ ಕಾರ್ಡಿನ ಹಿಂದೆ.

ಹೋಗುವುದಾದರೆ ಹನ್ನೊಂದು ಗಂಟೆಯ ಒಳಗೆ ಹೋಗಿ, ಇಡ್ಲಿ ತಿಂದೇ ಹೋಗಿ. ಚಿಲ್ಲರೆ ಇಟ್ಟುಕೊಳ್ಳಿ, ಅವರ ಸ್ಕ್ಯಾನರ್ ಅರ್ಧ ದಿನ ಕೆಲಸ ಮಾಡುವುದಿಲ್ಲ.